ಲಕ್ಕಮ್ಮನವರ ಅಳತೆ

ವಿಜಯದಶಮಿಯ ಸಾಯಂಕಾಲ ಬನ್ನಿ ವಿನಿಮಯ ಮಾಡಿಕೊಳ್ಳುವ ನಮ್ಮ ಉತ್ತರ ಕರ್ನಾಟಕದ ಸಂಪ್ರದಾಯವನ್ನು ಈ ಸಂಚಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ಊರ ಹೊರಗಿನ ಬನ್ನಿಯ ಗಿಡಕ್ಕೆ ಪೂಜೆ ಸಲ್ಲಿಸಿ, ಎಲೆಗಳನ್ನು ತಂದು ಹಿರಿಯರ ಕೈಗಿತ್ತು ಪಾದಕ್ಕೆರಗಿ, ಸರೀಕರನ್ನು ಆಲಿಂಗಿಸಿ, ಬಂಗಾರದಂತೆ ಇರೋಣವೆಂದು ಪರಸ್ಪರ ಹೇಳಿಕೊಳ್ಳುವುದು ರೂಢಿ. ವರ್ಷವಿಡೀ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅಂದು ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಮನಸ್ಸಿನ ಬಿಗಿಯನ್ನು ಸಡಿಲಿಸಿಕೊಂಡುದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ನಾವೀಗ ನೆಲೆಸಿರುವ ಮುಂಬಯಿಯಲ್ಲಿಯೂ ನೆರೆಯ ಮಹಾರಾಷ್ಟ್ರೀಯ ಬಂಧುಗಳು ಅಂದು ಆಪ್ಟೆಯ ಎಲೆಗಳನ್ನು ಚಿನ್ನವೆಂದು ಹಂಚುತ್ತಾರೆ. ಗಿಡ ಬೇರೆಯಾದರೂ ಭಾವ ಒಂದೇ.

ಬ್ಯಾಂಕಿನ ಗುಮಾಸ್ತನಾದ ನನ್ನ ಕಣ್ಣಿಗೆ ಈ ಆಚರಣೆ ವರ್ಷಾಂತ್ಯದ ಲೆಕ್ಕ ಮುಗಿಸುವಂತೆ ತೋರುತ್ತದೆ. ವೃತ್ತಿಯ ದೋಷವೆಂದು ವಾಚಕರು ಕ್ಷಮಿಸಬೇಕು. ಆದರೆ ಲೆಕ್ಕದ ಮನೆಯಲ್ಲಿ ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಾರ್ಚ್ 31ರಂದು ಒಮ್ಮೆಲೇ ಕುಳಿತು ವರ್ಷದ ಲೆಕ್ಕವನ್ನು ಸರಿಪಡಿಸಲು ಯಾರಿಂದಲೂ ಆಗದು. ಪ್ರತಿದಿನ ಸಂಜೆ ಆ ದಿನದ ತಾಳೆಯನ್ನು ನೋಡಿದವನಿಗೆ ಮಾತ್ರ ವರ್ಷಾಂತ್ಯ ಸುಗಮ. ಬದುಕಿನ ವಿಷಯದಲ್ಲಾದರೋ ನಾವು ಬನ್ನಿಯ ಹಬ್ಬವೊಂದನ್ನೇ ನೆಚ್ಚಿ ಉಳಿದ ದಿನಗಳ ಲೆಕ್ಕವನ್ನು ಮರೆತುಬಿಡುತ್ತೇವೆ. ಆತ್ಮನಿರೀಕ್ಷಣೆ ಎಂಬ ದೊಡ್ಡ ಮಾತಿಗೆ ನಾನು ಇಲ್ಲಿ ಕೊಡುತ್ತಿರುವ ಅರ್ಥ ಇಷ್ಟೇ: ದಿನದ ತಾಳೆ.

ಈ ವಿಚಾರವನ್ನು ನನಗೆ ಮನಗಾಣಿಸಿದುದು ಹನ್ನೆರಡನೆಯ ಶತಮಾನದ ಶರಣ ದಂಪತಿಗಳ ಕಥೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದವರು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮನವರು ಅದನ್ನು ಕಂಡೊಡನೆ, ನಮಗೆ ಇಷ್ಟು ಬೇಡ, ಇದರಲ್ಲಿ ಆಸೆ ಬೆರೆತಿದೆಯೆಂದು ಹೇಳಿ, ಹೆಚ್ಚಾದುದನ್ನು ತಂದ ಸ್ಥಳಕ್ಕೇ ಮರಳಿಸುವಂತೆ ಪತಿಗೆ ತಿಳಿಸಿದರು.

ಈ ಪ್ರಸಂಗವನ್ನು ಪ್ರವಚನಕಾರರು ಸಾಮಾನ್ಯವಾಗಿ ನಿರಾಶೆಯ, ಅಪರಿಗ್ರಹದ ದೃಷ್ಟಾಂತವಾಗಿ ವಿವರಿಸುತ್ತಾರೆ. ಅದು ಸರಿಯೇ. ಆದರೆ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ ಬೇರೆ. ಅಂದಿನ ಅಕ್ಕಿ ಹೆಚ್ಚೆಂದು ಲಕ್ಕಮ್ಮನವರಿಗೆ ತಿಳಿದದ್ದು ಹೇಗೆ? ಮನೆಯ ಒಳಗಿದ್ದವರಿಗೆ ಅಂಗಳದಲ್ಲಿ ನಡೆದುದು ಕಾಣದು. ಪತಿಯ ಮನಸ್ಸಿನೊಳಗೆ ಇಣುಕಿ ನೋಡುವ ಸಿದ್ಧಿಯೇನೂ ಇಲ್ಲಿ ಬೇಕಾಗಿಲ್ಲ. ಅವರು ದಿನವೂ ಆ ಅಕ್ಕಿಯನ್ನು ಕೇರಿದವರು, ಅಳೆದವರು, ಬೇಯಿಸಿದವರು. ನಿನ್ನೆ ಎಷ್ಟಿತ್ತು, ಮೊನ್ನೆ ಎಷ್ಟಿತ್ತು ಎಂಬುದನ್ನು ಅವರ ಕೈ ಬಲ್ಲದು. ಆದುದರಿಂದಲೇ ಇಂದಿನದು ಹೆಚ್ಚೆಂಬುದು ಅವರ ಕೈಗೆ ತಿಳಿಯಿತು. ತಿಂಗಳಿಗೊಮ್ಮೆ ಅಳೆಯುವ ಗೃಹಿಣಿಯಾಗಿದ್ದಲ್ಲಿ ಹಿಡಿ ಅಕ್ಕಿಯ ಆಸೆ ದಿನಕ್ಕಿಷ್ಟಿಷ್ಟಾಗಿ ಬೆಳೆದು ಸೇರಾಗಿ, ಚೀಲವಾಗಿ, ಕೊನೆಗೆ ಅದೇ ಆ ಮನೆಯ ರೂಢಿಯಾಗಿಬಿಡುತ್ತಿತ್ತು. ನಿತ್ಯದ ಅಳತೆಯಿಲ್ಲದವನಿಗೆ ತನ್ನ ಅತಿರೇಕ ಕಾಣುವುದಿಲ್ಲ. ಏಕೆಂದರೆ ಅವನಿಗೆ ತನ್ನ ಮಿತಿಯೇ ಗೊತ್ತಿರುವುದಿಲ್ಲ.

ಕ್ಯಾಶ್ ಕೌಂಟರಿನಲ್ಲಿ ಕುಳಿತವರಿಗೆ ಈ ಕಥೆಯ ಇನ್ನೊಂದು ಸ್ವಾರಸ್ಯವೂ ಹೊಳೆಯುತ್ತದೆ. ಸಂಜೆ ನಗದು ಎಣಿಸುವಾಗ ಕಡಿಮೆ ಬಂದರೆ ಕ್ಯಾಷಿಯರನ ಎದೆ ನಡುಗುತ್ತದೆ. ಅದನ್ನು ಅವನೇ ತುಂಬಿಕೊಡಬೇಕು. ಆದರೆ ಹೆಚ್ಚು ಬಂದರೆ? ಅನುಭವವಿಲ್ಲದವರು ಅದನ್ನು ಅದೃಷ್ಟವೆಂದುಕೊಂಡಾರು. ನಿಯಮವು ಹಾಗೆಣಿಸುವುದಿಲ್ಲ. ಹೆಚ್ಚಾದ ಹಣವನ್ನೂ ಅಂದೇ ಪ್ರತ್ಯೇಕ ಖಾತೆಯಲ್ಲಿ ತೋರಿಸತಕ್ಕದ್ದು. ಏಕೆಂದರೆ ಅದು ಯಾರದೋ ಹಣ. ಎಣಿಕೆ ತಪ್ಪಿ ಬಿಟ್ಟುಹೋದ ಆ ಗ್ರಾಹಕ ನಾಳೆ ಬಂದಾನು. ನಮ್ಮ ಜೀವನದಲ್ಲಿ ಕಡಿಮೆಯಾದುದರ ಬಗ್ಗೆ ನಾವು ಎಷ್ಟೊಂದು ಎಚ್ಚರದಿಂದಿರುತ್ತೇವೆ! ನನಗೆ ಸಲ್ಲಬೇಕಾದ ಮರ್ಯಾದೆ ಸಂದಿತೇ, ನನ್ನ ಬಡ್ತಿ ಏಕೆ ತಡವಾಯಿತು, ಮದುವೆಯ ಮನೆಯಲ್ಲಿ ನನ್ನನ್ನು ಯಾರು ಮಾತನಾಡಿಸಲಿಲ್ಲ ಎಂಬುದೆಲ್ಲ ಪೈಸೆ ಸಹಿತ ನೆನಪಿರುತ್ತದೆ. ನಮಗೆ ಹೆಚ್ಚಾಗಿ ಬಂದುದರ, ಅನರ್ಹವಾಗಿ ಸಂದ ಸ್ನೇಹದ, ಇತರರು ನಮಗಾಗಿ ನುಂಗಿಕೊಂಡ ಮಾತುಗಳ ಲೆಕ್ಕ ಮಾತ್ರ ಎಲ್ಲಿಯೂ ಇಲ್ಲ. ಲಕ್ಕಮ್ಮನವರು ಹಿಡಿದು ತೋರಿದುದು ಕೊರತೆಯನ್ನಲ್ಲ, ಹೆಚ್ಚಳವನ್ನು.

ನಾನು ಸೇವೆಗೆ ಸೇರಿದ ಹೊಸತರಲ್ಲಿ ಕೈಬರಹದ ಲೆಡ್ಜರುಗಳು ಕೊನೆಯುಸಿರು ಎಳೆಯುತ್ತಿದ್ದವು. ಈಗ ಕೂಡುವ ಕಳೆಯುವ ಕೆಲಸವೆಲ್ಲ ಗಣಕಯಂತ್ರದ್ದು. ಆಗ ನಮ್ಮ ಶಾಖೆಯಲ್ಲಿ ನಿವೃತ್ತಿಗೆ ಸಮೀಪಿಸಿದ್ದ ಹಿರಿಯ ಗುಮಾಸ್ತರೊಬ್ಬರಿದ್ದರು. ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಹುಡುಕುವ ಉಪಾಯಗಳನ್ನು ಅವರು ನನಗೆ ಕಲಿಸಿದರು. ವ್ಯತ್ಯಾಸದ ಮೊತ್ತ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಸ್ಥಾನ ಬದಲಿಸಿರುವ ಸಂಭವವುಂಟು. 4,500 ಬರೆಯಬೇಕಾದಲ್ಲಿ 5,400 ಬರೆದರೆ 900 ವ್ಯತ್ಯಾಸ ಬರುತ್ತದೆ. ಸಮಸಂಖ್ಯೆಯಾಗಿದ್ದರೆ ಅದರ ಅರ್ಧ ಮೊತ್ತದ ನಮೂದನ್ನು ಹುಡುಕಬೇಕು. ಜಮೆಯ ಕಡೆ ಬರೆಯಬೇಕಾದ 350 ರೂಪಾಯಿಯನ್ನು ಖರ್ಚಿನ ಕಡೆ ಬರೆದಿದ್ದರೆ 700 ವ್ಯತ್ಯಾಸ ತೋರುತ್ತದೆ. ತಪ್ಪು ಕಡೆಗೆ ಬರೆದ ನಮೂದು ತಪ್ಪನ್ನು ಇಮ್ಮಡಿಗೊಳಿಸುತ್ತದೆ ಎಂಬುದನ್ನು ಗಮನಿಸಬೇಕು. ನೆರೆಯವರು ಮಾಡಿದ ಉಪಕಾರವನ್ನು ನನ್ನ ಚಾತುರ್ಯದ ಫಲವೆಂದು ಬರೆದುಕೊಂಡಾಗ ಆಗುವುದೂ ಇದೇ. ಅವರ ಋಣವೂ ಹೋಯಿತು, ನನ್ನ ಅಹಂಕಾರವೂ ಬೆಳೆಯಿತು.

ಆದರೆ ಆ ಹಿರಿಯರು ಹೆಚ್ಚು ಹೆದರುತ್ತಿದ್ದುದು ಇಂತಹ ತಪ್ಪುಗಳಿಗಲ್ಲ. ವ್ಯತ್ಯಾಸ ಕಂಡರೆ ಭಯವಿಲ್ಲ, ಹುಡುಕಿದರೆ ಸಿಗುತ್ತದೆ. ಒಂದನ್ನೊಂದು ಮುಚ್ಚಿಹಾಕುವ ಎರಡು ತಪ್ಪುಗಳಿಗೆ ಹೆದರಬೇಕು ಎಂದು ಅವರು ಹೇಳುತ್ತಿದ್ದರು. ಒಂದು ಖಾತೆಗೆ ನೂರು ರೂಪಾಯಿ ಕಡಿಮೆ, ಮತ್ತೊಂದಕ್ಕೆ ನೂರು ರೂಪಾಯಿ ಹೆಚ್ಚು ಬರೆದರೆ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ. ತಾಳೆಯಾದ ಸಂತೋಷದಲ್ಲಿ ಎಲ್ಲರೂ ಮನೆಗೆ ಹೋಗುತ್ತಾರೆ. ಲೆಕ್ಕ ಮಾತ್ರ ತಪ್ಪಾಗಿರುತ್ತದೆ, ಇಬ್ಬರಿಗೆ ಅನ್ಯಾಯವಾಗಿರುತ್ತದೆ.

ನನ್ನ ಬಾಳಿನಲ್ಲಿ ಇಂತಹ ಲೆಕ್ಕವೊಂದು ಬಹಳ ವರ್ಷ ತಾಳೆಯಾಗುತ್ತಲೇ ಇತ್ತು. ಗದಗ ಸೀಮೆಯ ನಮ್ಮ ಹಳ್ಳಿಯಲ್ಲಿದ್ದ ಅಪ್ಪ ಅವ್ವನಿಗೆ ಪ್ರತಿ ತಿಂಗಳ ಮೊದಲ ತಾರೀಖಿಗೆ ಹಣ ಜಮಾ ಆಗುವಂತೆ ನಾನು ನನ್ನ ಖಾತೆಯಲ್ಲಿ ವ್ಯವಸ್ಥೆ ಮಾಡಿಟ್ಟಿದ್ದೆ. ಒಂದು ತಿಂಗಳೂ ಅದು ತಪ್ಪಿದ್ದಿಲ್ಲ. ಮುಂಬಯಿಯಲ್ಲಿ ಮನೆಸಾಲ, ಮಕ್ಕಳ ಶಾಲೆಯ ಶುಲ್ಕ, ಇವುಗಳ ಮಧ್ಯೆಯೂ ಈ ಕರ್ತವ್ಯವನ್ನು ಪಾಲಿಸುತ್ತಿರುವೆನೆಂಬ ಸಮಾಧಾನ ನನಗಿತ್ತು. ಸಮಾಧಾನವೇನು, ಹೆಮ್ಮೆಯೇ ಇತ್ತು. ಅಪ್ಪ 2017ರ ಬೇಸಗೆಯಲ್ಲಿ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಪಡಸಾಲೆಯ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ತೆಗೆದೆ. ಹಳ್ಳಿಯ ಮನೆಗಳಲ್ಲಿ ಹಳೆಯ ಕ್ಯಾಲೆಂಡರನ್ನು ಎಸೆಯುವುದಿಲ್ಲ. ಅದೇ ಮೊಳೆಗೆ, ಅದರ ಮೇಲೆ ಹೊಸದನ್ನು ತೂಗುಹಾಕುತ್ತಾರೆ. ಹಿಂದಿನ ವರ್ಷದ ಹಾಳೆಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರು ಬಂದ ದಿನ, ಎತ್ತಿಗೆ ಔಷಧ ಹಾಕಿಸಿದ ದಿನ ಎಲ್ಲವೂ ಅಪ್ಪನ ಗುಂಡು ಅಕ್ಷರಗಳಲ್ಲಿದ್ದವು. ಅವುಗಳ ನಡುವೆ ಅಲ್ಲಲ್ಲಿ ‘ಫೋನ್’ ಎಂಬ ಒಂದು ಶಬ್ದ. ಮೊದಲು ಅರ್ಥವಾಗಲಿಲ್ಲ. ಅವ್ವನನ್ನು ಕೇಳಿದೆ. “ನೀ ಫೋನ್ ಮಾಡಿದ ದಿನ ಬರದಿಡತಿದ್ರು,” ಎಂದಳು.

ಕೈಗೆ ಅಂಟಿದ ಅಭ್ಯಾಸ, ಎಣಿಸಿದೆ. ಹನ್ನೆರಡು ತಿಂಗಳಲ್ಲಿ ಒಂಬತ್ತು. ಅವುಗಳಲ್ಲಿ ನಾಲ್ಕು ಕರೆಗಳು ಹೊಲದ ಉತಾರ, ಮನೆಯ ಕರದ ಪಾವತಿ ಮುಂತಾಗಿ ನನಗೇ ಬೇಕಾಗಿದ್ದ ಕಾಗದಗಳಿಗಾಗಿ ಮಾಡಿದವೆಂದು ನೆನಪಾಯಿತು. ಹಣ ಹನ್ನೆರಡು ಸಲವೂ ಹೋಗಿತ್ತು. ಅದರ ಬಗ್ಗೆ ಅಪ್ಪ ಎಲ್ಲಿಯೂ ಏನನ್ನೂ ಬರೆದಿರಲಿಲ್ಲ.

ಮಾತಿನ ಖಾತೆಯಲ್ಲಿದ್ದ ಕೊರತೆಯನ್ನು ನಾನು ಹಣದ ಖಾತೆಯಿಂದ ಮುಚ್ಚಿ, ಒಟ್ಟು ಸರಿಯಾಯಿತೆಂದು ನಿಶ್ಚಿಂತನಾಗಿದ್ದೆ. ಆ ವರ್ಷಗಳಲ್ಲಿ ಪ್ರತಿ ಬನ್ನಿಯ ಹಬ್ಬಕ್ಕೂ ನಾನು ಊರಿಗೆ ಹೋಗಿದ್ದೇನೆ, ಅಪ್ಪನ ಪಾದಕ್ಕೆರಗಿದ್ದೇನೆ, ಅವರೂ ತಲೆ ಮುಟ್ಟಿ ಹರಸಿದ್ದಾರೆ. ವರ್ಷಾಂತ್ಯದ ಲೆಕ್ಕ ಚೊಕ್ಕಟವಾಗಿತ್ತು. ದಿನದ ತಾಳೆಯನ್ನು ಮಾತ್ರ ನಾನು ಒಂದು ದಿನವೂ ನೋಡಿರಲಿಲ್ಲ. ನನ್ನ ಪರವಾಗಿ ಅಪ್ಪ ಬರೆದಿಡುತ್ತಿದ್ದರು.

ನಮ್ಮ ಪೂರ್ವಿಕರು ಈ ಅಪಾಯವನ್ನು ತಿಳಿದಿದ್ದರೆಂದೇ ತೋರುತ್ತದೆ. ಸಂಧ್ಯಾವಂದನೆ ಮಾಡುವವರು ಬೆಳಗಿನ ಸಂಧ್ಯೆಯಲ್ಲಿ ರಾತ್ರಿಯ ದೋಷಗಳನ್ನೂ, ಸಂಜೆಯ ಸಂಧ್ಯೆಯಲ್ಲಿ ಹಗಲಿನ ದೋಷಗಳನ್ನೂ ನೆನೆದು ನೀರನ್ನು ಪ್ರಾಶನ ಮಾಡುವ ಮಂತ್ರಗಳಿವೆ. ಅವುಗಳಲ್ಲಿ ಸುಮ್ಮನೆ ‘ಪಾಪ’ ಎಂದು ಒಟ್ಟಾಗಿ ಹೇಳಿ ಬಿಟ್ಟಿಲ್ಲ. ಮನಸ್ಸಿನಿಂದ ಆದುದು, ಮಾತಿನಿಂದ ಆದುದು, ಕೈಯಿಂದ, ಕಾಲಿನಿಂದ, ಹೊಟ್ಟೆಯಿಂದ ಆದುದು ಎಂದು ಬಿಡಿಬಿಡಿಯಾಗಿ ಹೆಸರಿಸಿದೆ. ಒಂದು ತಾಳೆಗೂ ಇನ್ನೊಂದಕ್ಕೂ ಹನ್ನೆರಡು ತಾಸಿನ ಅಂತರ. ಹೇಳುವವರು ಅರ್ಥವನ್ನು ಗಮನಿಸಿ ಹೇಳುತ್ತಾರೆಯೇ ಎಂಬುದು ಬೇರೆ ಮಾತು. ಜೈನ ಬಂಧುಗಳ ಪ್ರತಿಕ್ರಮಣವಾದರೋ ಇನ್ನೂ ಕ್ರಮಬದ್ಧ. ತಪ್ಪಿದ ದಾರಿಯಿಂದ ಹಿಂದಕ್ಕೆ ಬರುವುದೆಂದು ಆ ಶಬ್ದದ ಭಾವ. ಹಗಲಿನದಕ್ಕೆ ಒಂದು, ರಾತ್ರಿಯದಕ್ಕೆ ಒಂದು, ಪಕ್ಷಕ್ಕೊಂದು, ನಾಲ್ಕು ತಿಂಗಳಿಗೊಂದು, ಕೊನೆಗೆ ವರ್ಷಕ್ಕೊಂದು ಹೀಗೆ ಐದು ಬಗೆ. ಶ್ವೇತಾಂಬರರು ಪರ್ಯೂಷಣದ ಕೊನೆಯಲ್ಲಿ ವರ್ಷದ ಪ್ರತಿಕ್ರಮಣ ಮಾಡಿ ಎಲ್ಲರ ಕ್ಷಮೆ ಬೇಡುವುದನ್ನು ಮುಂಬಯಿಯಲ್ಲಿ ನಾವು ನೋಡುತ್ತೇವೆ. ಅದು ಒಂದು ದಿನದ ಉಪಚಾರವಲ್ಲ, ದಿನದಿನದ ಲೆಕ್ಕದ ಕೊನೆಯ ಪುಟ ಎಂಬುದನ್ನು ನಾವು ಮರೆಯುತ್ತೇವೆ. ಇನ್ನು ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ಅಲ್ಲಿ ನಿಲ್ಲಿಸುವವರಿಗೆ ಬೇರೆ ಕನ್ನಡಿ ಬೇಕಿಲ್ಲ. ಹಾಗೆ ಕುಳಿತಾಗ ಮೊದಲು ಮೇಲೇಳುವುದು ಆ ದಿನ ನಾವು ಮುಚ್ಚಿಡಬೇಕೆಂದಿದ್ದ ಸಂಗತಿಯೇ. ಇದನ್ನು ಧ್ಯಾನಕ್ಕೆ ವಿಘ್ನವೆಂದು ಗೊಣಗುತ್ತಿದ್ದೆ, ಈಗ ಹಾಗೆನ್ನಿಸುವುದಿಲ್ಲ.

ಪಾಶ್ಚಾತ್ಯರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ಪ್ರಯತ್ನ ಪ್ರಸಿದ್ಧವಾದುದು. ಮುದ್ರಣಕಾರನಾಗಿ ಬದುಕನ್ನು ಆರಂಭಿಸಿದ ಆತ ಹದಿಮೂರು ಸದ್ಗುಣಗಳನ್ನು ಆರಿಸಿಕೊಂಡು, ಒಂದು ಸಣ್ಣ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಎಳೆದು, ಪ್ರತಿ ರಾತ್ರಿ ತನ್ನ ತಪ್ಪುಗಳಿಗೆ ಒಂದೊಂದು ಕಪ್ಪು ಚುಕ್ಕೆಯನ್ನಿಡುತ್ತಿದ್ದ. ವಾರಕ್ಕೊಂದು ಗುಣದಂತೆ ಹದಿಮೂರು ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದದಲ್ಲಿ ತೂತುಗಳಾದವೆಂದು ಆತನೇ ಆತ್ಮಕಥೆಯಲ್ಲಿ ತಿಳಿಸಿದ್ದಾನೆ. ತಾನೆಣಿಸಿದುದಕ್ಕಿಂತ ತನ್ನಲ್ಲಿ ದೋಷಗಳು ಬಹಳವೆಂದು ಕಂಡು ಆತ ಬೆರಗಾದ. ವಸ್ತುಗಳನ್ನು ಅಚ್ಚುಕಟ್ಟಾಗಿಡುವ ಗುಣವಂತೂ ಕೊನೆಯವರೆಗೆ ಕೈಹತ್ತಲಿಲ್ಲ. ಸೋತುದನ್ನು ನಗುತ್ತ ಒಪ್ಪಿಕೊಂಡುದರಿಂದಲೇ ಆ ಪುಸ್ತಕ ನನಗೆ ಪ್ರಿಯ. ಆದರೂ ಹದಿಮೂರು ಗುಣಗಳ ಪಟ್ಟಿ ನನ್ನಂಥವನಿಗೆ ಹೆಚ್ಚಾಯಿತು. ಪಟ್ಟಿ ದೊಡ್ಡದಾದಷ್ಟೂ ಅದನ್ನು ತುಂಬುವುದೇ ಒಂದು ಸಾಧನೆಯೆಂಬ ಭ್ರಮೆ ಹುಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆತ್ಮನಿರೀಕ್ಷಣೆಯೆಂದರೆ ತನ್ನನ್ನು ತಾನು ಹಳಿದುಕೊಳ್ಳುತ್ತ ಕೂರುವುದಲ್ಲ. ಅಪ್ಪ ಹೋದ ಮೇಲೆ ನಾನು ಒಂದು ವರ್ಷ ಹಾಗೆ ಕೂತಿದ್ದವನೇ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ನನ್ನ ಮುಖ ನೋಡಿ ಮಾತನಾಡಬೇಕಾಯಿತು. ವ್ಯತ್ಯಾಸವನ್ನು ಹುಡುಕುವ ಗುಮಾಸ್ತ ಲೆಡ್ಜರಿನ ಮುಂದೆ ಅಳುವುದಿಲ್ಲ. ನಮೂದನ್ನು ಹುಡುಕುತ್ತಾನೆ, ತಿದ್ದುತ್ತಾನೆ, ಪಕ್ಕದಲ್ಲಿ ಸಹಿ ಹಾಕುತ್ತಾನೆ. ತಪ್ಪು ಬರೆದ ಸಾಲನ್ನು ಅಳಿಸುವ ಹಾಗಿಲ್ಲ ಎಂಬ ನಿಯಮವೂ ಅಷ್ಟೇ ಅರ್ಥಪೂರ್ಣ. ಓದಲು ಬರುವಂತೆ ಒಂದು ಗೆರೆ ಎಳೆದು ಮೇಲೆ ಸರಿಯಾದುದನ್ನು ಬರೆಯತಕ್ಕದ್ದು.

ಒಂದು ಕೋಣೆ, ಒಂದು ಅಡಿಗೆಮನೆಯಲ್ಲಿ ಸಂಸಾರ ನಡೆಸುವ ನಮಗೆ ಇದಕ್ಕೆ ಏಕಾಂತವೆಲ್ಲಿ ಎಂದು ವಾಚಕರು ಕೇಳಬಹುದು. ನನಗೆ ಅದು ದೊರೆತುದು ಲೋಕಲ್ ಗಾಡಿಯಲ್ಲಿ. ಠಾಣೆ ದಾಟಿದ ಮೇಲೆ ಡೊಂಬಿವಲಿ ಬರುವವರೆಗೆ ಸುಮಾರು ಇಪ್ಪತ್ತು ನಿಮಿಷ. ಜನಸಂದಣಿಯಲ್ಲಿ ಕೈ ಅಲುಗಿಸಲೂ ಸ್ಥಳವಿಲ್ಲದಿರುವಾಗ ಮನಸ್ಸಿಗೆ ಬೇರೆ ಉದ್ಯೋಗವೂ ಇರುವುದಿಲ್ಲ. ಅಂದು ಯಾರೊಡನೆ ಏನು ಮಾತನಾಡಿದೆ ಎಂಬುದನ್ನು ಬೆಳಗಿನಿಂದ ಕ್ರಮವಾಗಿ ನೆನೆಯುತ್ತೇನೆ, ಅಷ್ಟೇ. ಕಾರಣಗಳನ್ನು ಹುಡುಕುವುದಿಲ್ಲ. ಕಾರಣ ಹುಡುಕತೊಡಗಿದೊಡನೆ ನಾನು ನನ್ನದೇ ವಕೀಲನಾಗಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ನವೆಂಬರ್ ತಿಂಗಳು. ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಒಪ್ಪಿಸುವ ಕಾಲವಾದುದರಿಂದ ಕೌಂಟರಿನ ಮುಂದೆ ಉದ್ದನೆಯ ಸಾಲು. ವೃದ್ಧರೊಬ್ಬರ ಹೆಬ್ಬೆರಳಿನ ಗುರುತನ್ನು ಯಂತ್ರ ಹಿಡಿಯಲೊಲ್ಲದು. ದುಡಿದು ಸವೆದ ಬೆರಳು. ಮೂರು ಸಲ ಪ್ರಯತ್ನಿಸಿ, ನಿಮ್ಮಿಂದಾಗಿ ಎಲ್ಲರ ಕೆಲಸ ನಿಂತಿದೆ, ನಾಳೆ ಬನ್ನಿ ಎಂದು ನಾನು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟೆ. ಅಂದು ಗಾಡಿಯಲ್ಲಿ ದಿನವನ್ನು ನೆನೆಯುತ್ತ ಬಂದಾಗ ಆ ಮಾತಿನ ಬಳಿ ಮನಸ್ಸು ವೇಗವಾಗಿ ದಾಟಿಹೋಗಲು ನೋಡಿತು. ಆ ಅವಸರದಿಂದಲೇ ತಪ್ಪು ಅಲ್ಲಿದೆಯೆಂದು ತಿಳಿದೆ. ಮರುದಿನ ಅವರು ಬರಲಿಲ್ಲ. ಮೂರನೆಯ ದಿನ ಬಂದರು. ಎದ್ದು ಹೋಗಿ ಕುರ್ಚಿಯಲ್ಲಿ ಕೂರಿಸಿ, ಕಾಗದದ ನಮೂನೆಯನ್ನು ನಾನೇ ತುಂಬಿ ಸಹಿ ಮಾಡಿಸಿಕೊಂಡು, ಮೊನ್ನೆ ಆಡಿದ ಮಾತಿಗೆ ಕ್ಷಮಿಸಬೇಕೆಂದು ಮರಾಠಿಯಲ್ಲಿ ಕೇಳಿಕೊಂಡೆ. ಅವರು ಕಿವಿಯ ಬಳಿ ಕೈ ಹಿಡಿದು ಎರಡು ಸಲ ಕೇಳಿಸಿಕೊಂಡು, ಕಿವಿ ಮಂದ, ಅಂದು ನೀವು ಏನಂದಿರೋ ನನಗೆ ಕೇಳಿಸಲೇ ಇಲ್ಲ ಎಂದು ನಕ್ಕರು. ಆದರೆ ಸಾಲಿನಲ್ಲಿ ನಿಂತ ಇತರ ವೃದ್ಧರಿಗೆ ಅದು ಕೇಳಿಸಿತ್ತು. ಅವರೆಲ್ಲರಿಗೆ ನಾನು ಕ್ಷಮೆ ಕೇಳಿಲ್ಲ. ಆ ಬಾಕಿ ಉಳಿದೇ ಇದೆ.

ತಾನೇ ನೋಡಿಕೊಂಡರೂ ಕಾಣದ ತಪ್ಪುಗಳುಂಟು. ಬ್ಯಾಂಕಿನಲ್ಲಿ ಒಬ್ಬರು ಬರೆದ ನಮೂದನ್ನು ಇನ್ನೊಬ್ಬರು ನೋಡಿ ಒಪ್ಪಬೇಕೆಂಬ ಕಟ್ಟಳೆ ಇರುವುದು ಇದಕ್ಕಾಗಿಯೇ. ಮೊದಲನೆಯವನು ಅಪ್ರಾಮಾಣಿಕನೆಂದಲ್ಲ, ತನ್ನ ಕೈಬರಹ ತನಗೆ ಯಾವಾಗಲೂ ಸರಿಯೆಂದೇ ತೋರುವುದರಿಂದ. ಮಾರಯ್ಯನವರು ಸಾಮಾನ್ಯರಲ್ಲ, ಮಹಾಶರಣರು. ಅವರಿಗೂ ಅಂದಿನ ಹೆಚ್ಚು ಅಕ್ಕಿ ಭಾರವೆನಿಸಲಿಲ್ಲ. ಮನೆಯಲ್ಲಿ ಇನ್ನೊಬ್ಬರು ಅಳೆಯಬೇಕಾಯಿತು. ಅಳೆದವರ ಮಾತನ್ನು ಕೇಳಿ ಮರಳಿ ಹೋಗಿ ಅಕ್ಕಿಯನ್ನು ಒಪ್ಪಿಸಿಬಂದರಲ್ಲ, ಅದರಲ್ಲಿ ಮಾರಯ್ಯನವರ ದೊಡ್ಡತನವಿದೆ. ಲಕ್ಕಮ್ಮನವರನ್ನು ಹೊಗಳುವ ಭರದಲ್ಲಿ ನಾವು ಇದನ್ನು ಮರೆಯಬಾರದು. ನನ್ನ ಮನೆಯಲ್ಲಿ ರಾತ್ರಿ ಊಟಕ್ಕೆ ಕುಳಿತಾಗ, “ಇವತ್ತ ಬಂದಾಗಿಂದ ದನಿ ಏರಿಸೇ ಮಾತಾಡಾಕತ್ತೀರಿ, ನೋಡ್ರಿ,” ಎಂದು ಪತ್ನಿ ಎಚ್ಚರಿಸುವುದುಂಟು. ಗಾಡಿಯಲ್ಲಿ ಇಪ್ಪತ್ತು ನಿಮಿಷ ತಾಳೆ ನೋಡಿ ಬಂದವನಿಗೆ ಈ ಮಾತು ರುಚಿಸುವುದಿಲ್ಲ. ಕೆಲವೊಮ್ಮೆ ಊಟ ಮುಗಿಯುವವರೆಗೂ ರುಚಿಸುವುದಿಲ್ಲ.

ಅವ್ವ ಈಗಲೂ ಹಳ್ಳಿಯಲ್ಲಿಯೇ ಇದ್ದಾಳೆ. ಎಷ್ಟು ಕರೆದರೂ ಮುಂಬಯಿಗೆ ಬರಲೊಲ್ಲಳು. ಡೊಂಬಿವಲಿಯಲ್ಲಿ ಇಳಿದು ಮನೆಯತ್ತ ನಡೆಯುವಾಗ ದಿನವೂ ಅವಳಿಗೆ ಫೋನ್ ಮಾಡುತ್ತೇನೆ. ಹೇಳುವ ಸಂಗತಿ ಹೆಚ್ಚೇನೂ ಇರುವುದಿಲ್ಲ. ಮಳೆಯ ವಿಚಾರ, ಮಕ್ಕಳ ವಿಚಾರ. ಆರಂಭಿಸಿದ ಹೊಸತರಲ್ಲಿ ಎರಡು ವಾರ ಸುಮ್ಮನೆ ಕೇಳಿಸಿಕೊಂಡಳು. ಮೂರನೆಯ ವಾರ ತಡೆಯಲಾರದೆ ಕೇಳಿಯೇಬಿಟ್ಟಳು: “ಯಾಕೋ ತಮ್ಮಾ, ದಿನಾ ಫೋನ್ ಮಾಡಾಕತ್ತೀಯಲ್ಲ, ಅಲ್ಲೆ ಎಲ್ಲಾರೂ ಆರಾಮ ಅದೀರಿಲ್ಲೋ?”